ಅತ್ತೆಯ ರೈಫಲ್ಲಿಗೆ ಹೊಸ ಕುಂದಾ

ನನ್ನ ಅತ್ತೆಯ ಹೆಸರಿನಲ್ಲಿ ಒಂದು ರೈಫಲ್ ಇದೆ ಎಂದರೆ ಡೊಂಬಿವಲಿಯಲ್ಲಿ ಯಾರೂ ನಂಬುವುದಿಲ್ಲ. ಅವರನ್ನು ನೋಡಿದರೆ ನಂಬುವಂತೆಯೂ ಇಲ್ಲ. ಐದಡಿಗೆ ಎರಡು ಬೆರಳು ಕಮ್ಮಿ ಎತ್ತರ, ಇಳಕಲ್ ಸೀರೆ, ಹಣೆಗೆ ವಿಭೂತಿ, ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಬೆಳಿಗ್ಗೆ ಸೊಪ್ಪಿನವಳ ಜೊತೆ ಅರ್ಧ ಮರಾಠಿ, ಅರ್ಧ ವಿಜಯಪುರದ ಕನ್ನಡದಲ್ಲಿ ವಾದ, ಮಧ್ಯಾಹ್ನ ಟಿವಿ ನೋಡುತ್ತ ನೋಡುತ್ತ ನಿದ್ದೆ, ಸಂಜೆ ಬಿಲ್ಡಿಂಗಿನ ಕೆಳಗಿನ ಬೆಂಚಿನ ಮೇಲೆ ಉಳಿದ ಅಜ್ಜಿಯರೊಂದಿಗೆ ಸೊಸೆಯಂದಿರ ವಿಚಾರ. ಒಂದೇ ವ್ಯತ್ಯಾಸವೆಂದರೆ ಅವರ ಕೋಣೆಯ ಉಕ್ಕಿನ ಕಪಾಟಿನಲ್ಲಿ, ಕೌದಿಗಳ ಹಿಂದೆ, ಉದ್ದನೆಯ ಕ್ಯಾನ್ವಾಸ್ ಚೀಲವೊಂದು ನಿಂತಿರುತ್ತದೆ. ಆ ಕಪಾಟಿನ ಕೀಲಿ ಅವರ ಸೊಂಟ ಬಿಟ್ಟು ಕದಲುವುದಿಲ್ಲ.

ರೈಫಲ್ ಕೊಂಡವರು ಮಾವನ ತಂದೆ. ಬೇಟೆಗೆ ಕಾನೂನು ಅಡ್ಡ ಬಾರದಿದ್ದ ಕಾಲದಲ್ಲಿ ಅವರು ಮೊಲ, ಕೌಜುಗ ಎಂದು ಡೋಣಿ ನದಿಯ ದಂಡೆಯಲ್ಲಿ ಅಲೆಯುತ್ತಿದ್ದರಂತೆ. ಸಣ್ಣ ಗುಂಡಿನ ವಿಲಾಯತಿ ಮಾಲು, ಒಂದು ಸಲಕ್ಕೆ ಒಂದೇ ಗುಂಡು. ಮಾವನ ಕಾಲಕ್ಕೆ ಬೇಟೆ ನಿಂತುಹೋಗಿತ್ತು. ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸಿ ಓಡಿಸುವುದಷ್ಟೇ ಅದರ ಕೆಲಸವಾಯಿತು. ಮಾವ ತೀರಿಕೊಂಡ ಮೇಲೆ ಹೊಲವನ್ನು ನನ್ನ ಮೈದುನ ನೋಡಿಕೊಂಡ, ಅತ್ತೆ ನಮ್ಮ ಮನೆಗೆ ಬಂದರು. ಬರುವ ಮೊದಲು ಮಾತ್ರ ರೈಫಲ್ ತಮ್ಮ ಹೆಸರಿಗೇ ಆಗಬೇಕೆಂದು ಪಟ್ಟು ಹಿಡಿದು, ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸ್ ಮಾಡಿಸಿಕೊಂಡರು. ಆಮೇಲೆ ಅದನ್ನು ಇಲ್ಲಿಯ ವಿಳಾಸಕ್ಕೆ ಬದಲಾಯಿಸಲು ಹೋದಾಗ ಸ್ಟೇಷನ್ನಿನ ಸಾಹೇಬರು ಕಾಗದದಿಂದ ತಲೆ ಎತ್ತಿ, “ಆಜಿ, ಬಂದೂಕ ಕೋಣ್ ಚಾಲವಣಾರ?” ಎಂದು ಕೇಳಿದರು. ಯಾರು ಹಾರಿಸುವವರು ಎಂದು. ಅತ್ತೆ ಸೆರಗು ಸರಿಮಾಡಿಕೊಂಡು, “ಮೀ” ಎಂದರು, ನಾನೇ ಎಂದು. ಸಾಹೇಬರು ಕಾಗದಕ್ಕೆ ಮುದ್ರೆ ಒತ್ತಿದರು.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕುಗಳನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಹಾಗೆ ಒಂದು ಸಲ ಬಿಡಿಸಿಕೊಂಡು ನಾನೂ ಅತ್ತೆಯೂ ಆಟೋದಲ್ಲಿ ಬರುತ್ತಿದ್ದೆವು. ಚೀಲವನ್ನು ಅತ್ತೆ ಕಾಲಿನ ನಡುವೆ ನಿಲ್ಲಿಸಿಕೊಂಡು ಅದರ ಮೇಲೆ ಗದ್ದ ಊರಿದ್ದರು. ಮಳೆಗಾಲ ಮುಗಿದು ರಸ್ತೆಯಲ್ಲಿ ರಸ್ತೆಗಿಂತ ಗುಂಡಿಗಳೇ ಹೆಚ್ಚಾಗಿದ್ದವು. ಸೇತುವೆ ಇಳಿಯುವಲ್ಲಿ ಆಟೋ ಒಮ್ಮೆ ಕುಪ್ಪಳಿಸಿತು. ಚೀಲದೊಳಗಿಂದ ಒಣ ತೆಂಗಿನಚಿಪ್ಪು ಒಡೆದ ಹಾಗೆ ಸದ್ದು ಬಂತು.

ಅತ್ತೆ ಚೀಲ ಬಿಚ್ಚಲಿಲ್ಲ. ಹೊರಗಿನಿಂದಲೇ ಸವರಿ ನೋಡಿ, “ಹೋತು” ಎಂದರು.

ಮನೆಗೆ ಬಂದು ಬಿಚ್ಚಿದೆವು. ಟ್ರಿಗರಿನ ಹಿಂದೆ, ಕೈಯಲ್ಲಿ ಹಿಡಿಯುವ ಸಣ್ಣ ನಡುವಿನ ಭಾಗದಲ್ಲಿ ಮರ ಎರಡು ತುಂಡಾಗಿತ್ತು. ಅಲ್ಲಿ ಮೊದಲೇ ಬಿರುಕಿತ್ತು, ಮಾವ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಈಗ ತಂತಿಯೊಂದೇ ಎರಡೂ ತುಂಡುಗಳನ್ನು ಹಿಡಿದುಕೊಂಡು ಜೋತಾಡುತ್ತಿತ್ತು.

ನನ್ನ ಗಂಡ ಮಹಾಪೆಯಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾರೆ. ದಿನವಿಡೀ ಕಬ್ಬಿಣದ ಜೊತೆ ಇರುವ ಮನುಷ್ಯನಿಗೆ ಈ ಒಂದು ಕಬ್ಬಿಣ ಕಂಡರೆ ಮಾತ್ರ ಆಗುವುದಿಲ್ಲ. ದೀಪಾವಳಿಯಲ್ಲಿ ಪಟಾಕಿ ಹೊಡೆದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಜಾತಿ. ಸಂಜೆ ಬಂದು ಮುರಿದದ್ದನ್ನು ನೋಡಿದವರ ಮುಖದಲ್ಲಿ ಕಂಡದ್ದು ದುಃಖವಲ್ಲ, ನಿರಾಳ.

“ಅವ್ವಾ, ಇದೇ ನೆಪ ಆತಲ್ಲ. ಸ್ಟೇಷನ್ನಿಗೆ ಕೊಟ್ಟು ಕೈ ತೊಳಕೊಂಡ ಬಿಡೋಣು” ಎಂದರು.

ಅತ್ತೆ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. “ನಿಮ್ಮಪ್ಪ ನನಗ ಬಿಟ್ಟ ಹೋದದ್ದು ಎರಡ. ಒಂದು ನೀನು, ಒಂದು ಇದು. ನೀನೂ ಆಗಾಗ ಮುರಕೊಂಡು ಕೂಡ್ತಿ. ನಿನ್ನ ಕೊಟ್ಟೇನೇನು ಸ್ಟೇಷನ್ನಿಗೆ?”

ಈ ಎಣಿಕೆಯಲ್ಲಿ ಇನ್ನೊಬ್ಬ ಮಗ, ನನ್ನ ಮೈದುನ, ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತು.

ಎರಡು ದಿನ ಬಿಟ್ಟು ಟ್ಯಾಕ್ಸಿ ಮಾಡಿಕೊಂಡು, ಲೈಸೆನ್ಸಿನ ಪುಸ್ತಕ ಅತ್ತೆಯ ಪರ್ಸಿನಲ್ಲಿಟ್ಟುಕೊಂಡು, ಥಾಣೆಯ ಒಂದು ಬಂದೂಕಿನ ಅಂಗಡಿಗೆ ಹೋದೆವು. ಇಂಥ ಅಂಗಡಿ ಇರುವುದೇ ನನಗೆ ಗೊತ್ತಿರಲಿಲ್ಲ. ಒಂದು ಕಡೆ ಕನ್ನಡಕದಂಗಡಿ, ಇನ್ನೊಂದು ಕಡೆ ಫರಸಾಣದ, ಅಂದರೆ ಕುರುಕುತಿಂಡಿಯ, ಅಂಗಡಿ, ನಡುವೆ ಕಬ್ಬಿಣದ ಜಾಲರಿಯ ಹಿಂದೆ ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಕೂತ ತೆಳ್ಳನೆಯ ಮುದುಕರು. ಅವರು ರೈಫಲನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಇದು ಸರಿಯಾದ ಜಾಗ ಎನ್ನಿಸಿತು. ಖಾಲಿ ಇದೆಯೇ ಎಂದು ಮೊದಲು ನೋಡಿದರು. ಆಮೇಲೆ ನಳಿಗೆಯೊಳಗೆ ಬೆಳಕು ಬಿಟ್ಟು ಕಣ್ಣಿಟ್ಟರು.

“ಕಬ್ಬಿಣ ಚಿನ್ನದಂಗಿದೆ. ಯಾರು ನೋಡಿಕೊಂಡಿದ್ದು?” ಎಂದು ಹಿಂದಿಯಲ್ಲಿ ಕೇಳಿದರು.

“ನಾನ. ನಲವತ್ತು ವರ್ಷ ಎಣ್ಣಿ ಹಚ್ಚೀನಿ” ಎಂದು ಅತ್ತೆ ಕನ್ನಡದಲ್ಲೇ ಹೇಳಿದರು. ನಾನು ಹಿಂದಿಗೆ ತಿರುಗಿಸಿದೆ.

ನಳಿಗೆಯನ್ನು ಹೊತ್ತು, ಹೆಗಲಿಗೆ ಆನಿಸುವ ಮರದ ಭಾಗಕ್ಕೆ ಕುಂದಾ ಎನ್ನುತ್ತಾರೆ ಎಂದು ಅಂದು ಗೊತ್ತಾಯಿತು. ಈ ಹಳೆಯ ಮಾದರಿಗೆ ಕಂಪನಿಯ ಕುಂದಾ ಈಗ ಸಿಗುವುದಿಲ್ಲ, ಕಡೆದು ಕೊಡುತ್ತಿದ್ದ ತಮ್ಮ ಮಿಸ್ತ್ರಿ ಈಗಿಲ್ಲ, ಬೇಕಾದರೆ ಪ್ಲಾಸ್ಟಿಕ್ಕಿನದು ಒಂದಿದೆ, ಅದನ್ನೇ ತಿದ್ದಿ ಕೂರಿಸಬಹುದು ಎಂದು ಅವರು ಒಂದು ಕಪ್ಪು ವಸ್ತುವನ್ನು ತೋರಿಸಿದರು. ಅತ್ತೆ ಅದನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, “ಬಚ್ಚಲದ ಬಕೀಟು” ಎಂದರು. ಇದನ್ನು ನಾನು ತಿರುಗಿಸಲಿಲ್ಲ. ಮುದುಕರಿಗೆ ಅರ್ಥವಾಗಿತ್ತು.

ಆಗ ಅವರು ಕೇಳಿದರು, “ಇದನ್ನು ಹಾರಿಸುವವರು ಯಾರು?”

“ನಾನ” ಎಂದರು ಅತ್ತೆ ಮತ್ತೆ.

ಮುದುಕರು ನಗಲಿಲ್ಲ. ಒಳಗಿನಿಂದ ಒಂದು ಖಾಲಿ ರೈಫಲ್ ತಂದು, ಅತ್ತೆಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಹೆಗಲಿಗೆ ಇಟ್ಟುಕೊಳ್ಳಿ ಎಂದರು. ಅತ್ತೆ ಇಟ್ಟುಕೊಂಡರು. ಬಲಗೈ ಟ್ರಿಗರಿನ ಹತ್ತಿರ ಹೋಗುವಷ್ಟರಲ್ಲಿ ಮೊಣಕೈ ಪೂರ್ತಿ ಚಾಚಿ ಕೋಲಿನಂತಾಯಿತು, ಕತ್ತು ಕೊಕ್ಕರೆಯಂತೆ ಮುಂದೆ ಬಂತು, ಕುಂದಾದ ತುದಿ ಭುಜ ಬಿಟ್ಟು ತೋಳಿನ ಮೇಲೆ ಜಾರಿತು. ಮುದುಕರು ಮುರಿದ ಕುಂದಾ ತಂದು ಇದರ ಪಕ್ಕದಲ್ಲಿ ಹಿಡಿದು ಅಳೆದರು.

“ನಿಮ್ಮದು ಇದಕ್ಕಿಂತಲೂ ಉದ್ದ. ನಿಮ್ಮ ಯಜಮಾನರು ಎತ್ತರ ಇದ್ದರಾ?”

“ಆರ ಫೂಟು.”

“ಅವರ ತಂದೆ?”

“ಅವರು ಇನ್ನೂ ಎತ್ತರ.”

“ಹಾಗಿದ್ದರೆ ಮಾಜೀ, ಇದು ನಿಮ್ಮ ಕೈಗೆ ಯಾವತ್ತೂ ಕೂರೋದಲ್ಲ. ಎರಡಿಂಚು ಉದ್ದ ಇದೆ. ನಿಮ್ಮ ಅಳತೆಗೆ ಕಡೆಸಿ ತನ್ನಿ, ಕೂರಿಸೋದು ನನ್ನ ಜವಾಬ್ದಾರಿ.”

ಕಬ್ಬಿಣದ ಭಾಗ ಮಾತ್ರ ಅಂಗಡಿ ಬಿಟ್ಟು ಹೊರಗೆ ಹೋಗುವಂತಿಲ್ಲ ಎಂದು ಅದನ್ನು ಬಿಚ್ಚಿ ತಿಜೋರಿಯಲ್ಲಿಟ್ಟು, ಸಹಿ ಮಾಡಿ ರಸೀದಿ ಕೊಟ್ಟರು. ಮಾದರಿಗೆಂದು ಮುರಿದ ಮರದ ಎರಡು ತುಂಡುಗಳನ್ನು ನನ್ನ ಕೈಗಿತ್ತರು. ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆಯಬೇಕು, ಕೆನ್ನೆಯ ಎತ್ತರ ನೋಡಬೇಕು ಎಂದೆಲ್ಲ ಹೇಳತೊಡಗಿದಾಗ ನನಗೆ ಒಳಗೊಳಗೇ ಹುರುಪು ಬಂತು. ನಾನು ಡೊಂಬಿವಲಿ ಪೂರ್ವದಲ್ಲಿ ರವಿಕೆ ಹೊಲಿಯುವವಳು. ತೋಳಿನ ಅಳತೆ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬರುವಾಗ ಲೋಕಲ್ಲಿನಲ್ಲೇ ಬಂದೆವು. ಮಧ್ಯಾಹ್ನದ ಲೇಡೀಸ್ ಡಬ್ಬಿ, ಕೂರಲು ಜಾಗ ಸಿಕ್ಕಿತು. ಮರದ ದೊಡ್ಡ ತುಂಡು ಚೀಲದಿಂದ ಗೇಣುದ್ದ ಹೊರಗೆ ಚಾಚಿತ್ತು. ಎದುರಿಗೆ ಬಟಾಣಿ ಸುಲಿಯುತ್ತಿದ್ದ ಹೆಂಗಸು ಹಾಕಿ ಆಡುವ ಸ್ಟಿಕ್ಕೇ ಎಂದು ಕೇಳಿದಳು. ಇನ್ನೊಬ್ಬಳು ಅಲ್ಲ, ಯಾವುದೋ ವಾದ್ಯದ ಕತ್ತು ಎಂದಳು. ಅತ್ತೆ ಸಮಾಧಾನವಾಗಿ, “ಬಂದೂಕ ಆಹೇ” ಎಂದರು, ಇದು ಬಂದೂಕು ಎಂದು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಬಾಗಿಲ ಬಳಿ ನಿಂತಿದ್ದ ರೈಲ್ವೆ ಪೊಲೀಸ್ ಹುಡುಗಿ ಮಾತ್ರ ನಗದೆ ಹತ್ತಿರ ಬಂದಳು. ನಾನು ರಸೀದಿ ತೆಗೆದು ಕೊಟ್ಟೆ. ಅವಳು ಮೇಲಿಂದ ಕೆಳಗೆ ಓದಿ, ಮರವನ್ನು ತಿರುಗಿಸಿ ನೋಡಿ, “ಆಜಿ, ಇದು ಬರೀ ಕಟ್ಟಿಗೆ, ಜನರನ್ನ ಯಾಕೆ ಹೆದರಿಸ್ತೀರಿ?” ಎಂದು ಮರಾಠಿಯಲ್ಲಿ ಗದರಿಸಿ ರಸೀದಿ ವಾಪಸು ಕೊಟ್ಟಳು. ನಿಜವಾಗಿ ಯಾರೂ ಹೆದರಿರಲಿಲ್ಲ. ಬಟಾಣಿಯವಳು ಮಾತ್ರ ಸ್ವಲ್ಪ ಸರಿದು ಕೂತಿದ್ದಳು.

ಮುಂಬ್ರಾ ದಾಟಿದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ಮಾತಾಡಿದರು.

“ಒಮ್ಮಿ ಹೊಡದಿದ್ನಿ ನಾನು.”

“ಏನ್ರಿ?”

“ಅದನ್ನ. ಲಗ್ನ ಆಗಿ ಎರಡನೇ ವರ್ಷ. ಶೇಂಗಾ ರಾಶಿ ನಡದಿತ್ತು. ಬದುವಿನ ಮ್ಯಾಲ ಗಡಿಗಿ ಇಟ್ಟು ಗಂಡಸರೆಲ್ಲ ಹೊಡ್ಯಾಕತ್ತಿದ್ರು. ನಿಮ್ಮ ಮಾವಗ ಹುರುಪು ಬಂದು ‘ಬಾ, ನೀನೂ ಹೊಡಿ’ ಅಂದ್ರು. ಹಿಡದೆ. ಗುಂಡು ಎಲ್ಲಿ ಹೋತೋ ದೇವರಿಗೆ ಗೊತ್ತು. ಕಟಗಿ ಭುಜದ ಮ್ಯಾಲಿಂದ ಜಾರಿ ಇಲ್ಲಿ ಬಡೀತು.” ಅವರು ಕೆಳದವಡೆ ಮುಟ್ಟಿ ತೋರಿಸಿದರು. “ಎಲ್ಲಾರೂ ನಕ್ರು. ನಿಮ್ಮ ಮಾವನೂ ನಕ್ರು. ‘ಇದು ಸಣ್ಣ ಕೈಯವರದಲ್ಲ, ಎಣ್ಣಿ ಹಚ್ಚಿಕೋತ ಇರು’ ಅಂದ್ರು. ಹಚ್ಚಿಕೋತ ಇದ್ನಿ.”

ಗಾಡಿ ದಿವಾದಲ್ಲಿ ನಿಂತಿತು. ಜನ ಇಳಿದರು, ಹತ್ತಿದರು.

“ಇಷ್ಟು ದಿನ ನನ್ನ ಕೈ ಸಣ್ಣವು ಅಂತ ತಿಳಕೊಂಡಿದ್ನಿ ನೋಡು.”

“ಕೈ ಸಣ್ಣವಲ್ರಿ ಅತ್ತಿ. ಕಟಗಿ ಉದ್ದ ಇತ್ತು” ಎಂದೆ.

ನನ್ನ ಅಂಗಡಿಗೆ ದಿನಾ ಇಂಥವರು ಬರುತ್ತಾರೆ. ಯಾರದೋ ಅಳತೆಗೆ ಹೊಲಿದ ರವಿಕೆ ಹಾಕಿಕೊಂಡು ಬಂದು, ನನ್ನ ತೋಳೇ ದಪ್ಪ, ನನ್ನ ಬೆನ್ನೇ ಸೊಟ್ಟ ಎಂದು ತಮ್ಮ ಮೈಯನ್ನೇ ಬೈದುಕೊಳ್ಳುತ್ತಾರೆ. ನಾನು ಹೊಲಿಗೆ ಬಿಚ್ಚಿ ಸರಿಮಾಡಿ ಕೊಡುತ್ತೇನೆ. ಅತ್ತೆಯೂ ಅವರಲ್ಲಿ ಒಬ್ಬರೆಂದು ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ನನಗೆ ತಿಳಿದಿರಲಿಲ್ಲ.

ಅಳತೆಯ ಕೆಲಸ ಮರುದಿನವೇ ಶುರುವಾಯಿತು. ಅತ್ತೆಯ ಮೈಗೆ ನಾನು ಟೇಪು ಹಿಡಿದದ್ದು ಅದೇ ಮೊದಲು. ಅವರ ರವಿಕೆಗಳೆಲ್ಲ ಊರಿನಲ್ಲೇ ಹೊಲಿದು ಬರುತ್ತಿದ್ದವು, ಆ ವಿಷಯದಲ್ಲಿ ನಮ್ಮಿಬ್ಬರ ನಡುವೆ ಒಂದು ಮೌನ ಒಪ್ಪಂದವಿತ್ತು. ಈಗ ಅವರು ಕೈ ಮಡಚಿ ನಿಂತರು, ನಾನು ಮೊಣಕೈಯ ಮಡಿಕೆಯಿಂದ ಬೆರಳಿನವರೆಗೆ ಮೂರು ಸಲ ಅಳೆದೆ. ತೋಳಿನ ಚರ್ಮ ತೆಳುವಾಗಿ, ಹತ್ತಿಬಟ್ಟೆಯಂತೆ ಮೆತ್ತಗಿತ್ತು. ಕೆಳಗೆ ಎಲುಬು ಮಾತ್ರ ಗಟ್ಟಿಯಾಗಿತ್ತು.

“ಬರಕೋ, ಬರಕೋ. ಮರತೀ” ಎಂದು ಗದರುತ್ತಲೇ ಇದ್ದರು.

ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮುರಿದ ಕುಂದಾದ ಆಕಾರ ನೋಡಿ ಎರಡಿಂಚು ಗಿಡ್ಡಗೆ ಒಂದು ಮಾದರಿ ಮಾಡಿದೆ. ನಳಿಗೆಯ ಬದಲಿಗೆ ಪರದೆಯ ಕೋಲು ಕಟ್ಟಿದೆ. ಅತ್ತೆ ಹಾಲಿನಲ್ಲಿ ನಿಂತು ಗೋಡೆ ಗಡಿಯಾರಕ್ಕೆ ಗುರಿ ಹಿಡಿದರು. ಕಣ್ಣು ಮುಚ್ಚಿ ಹೆಗಲಿಗೇರಿಸಬೇಕು, ಆಮೇಲೆ ಕಣ್ಣು ಬಿಟ್ಟಾಗ ನೋಟ ನೇರವಾಗಿ ಕೋಲಿನ ಮೇಲೇ ಇರಬೇಕು, ಆಗ ಕೆನ್ನೆಯ ಎತ್ತರ ಸರಿ ಎಂದು ಅಂಗಡಿಯ ಮುದುಕರು ಹೇಳಿದ್ದರು. ಮೊದಲ ಸಲ ನೋಟ ಕೋಲಿನ ಕೆಳಗಿತ್ತು. ಒಂದು ಪದರ ರಟ್ಟು ಏರಿಸಿದೆ. ಎರಡನೆಯ ಸಲ ಮೇಲಿತ್ತು. ಬಿಡಿಸಿ ಅರ್ಧ ಪದರ ಹಾಕಿದೆ. ಹಾಲಿನಲ್ಲಿ ಬೆಳಕು ಸಾಲದೆಂದು ಅತ್ತೆ ಬಾಲ್ಕನಿಗೆ ಹೋಗಿ ಕಣ್ಣು ಮುಚ್ಚಿ, ಏರಿಸಿ, ಕಣ್ಣು ಬಿಟ್ಟರು. ಎದುರಿನ ಬಿಲ್ಡಿಂಗಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈಯಲ್ಲಿದ್ದ ಟವೆಲ್ಲಿನ ಸಮೇತ ಪಟಕ್ಕನೆ ಕೆಳಗೆ ಕೂತುಬಿಟ್ಟಳು.

“ರಟ್ಟು, ರಟ್ಟು!” ಎಂದು ನಾನು ಮಾದರಿಯನ್ನು ಮಡಚಿ ತೋರಿಸಿದೆ. ಗೋಡೆಯ ಅಂಚಿನಿಂದ ಅವಳ ಹಣೆ, ಆಮೇಲೆ ಕಣ್ಣು ನಿಧಾನವಾಗಿ ಮೇಲೆ ಬಂದವು.

ಇನ್ನು ಬಡಿಗ ಬೇಕು. ನನ್ನ ಅಂಗಡಿಯ ಕತ್ತರಿಸುವ ಮೇಜು ಮಾಡಿಕೊಟ್ಟವನು ಕಲಬುರಗಿ ಕಡೆಯವನು. ನಲವತ್ತು ದಾಟಿದ ಮನುಷ್ಯ, ಕೋಪರಖೈರಣೆಯಲ್ಲಿ ಮನೆ, ಘೋಡಬಂದರ್ ರಸ್ತೆಯ ಹೊಸ ಕಟ್ಟಡಗಳಲ್ಲಿ ಕಪಾಟು, ಅಡುಗೆಮನೆ ಮಾಡುವ ಕೆಲಸ. ಭಾನುವಾರ ಬಂದ. ಮುರಿದ ತುಂಡುಗಳನ್ನು ಜೋಡಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡಿದ.

“ಅಖರೋಟ ಮರ ಅದ ಇದು. ನಾ ಬಂದೂಕಿನ ಕೆಲಸ ಮಾಡಿಲ್ರಿ ಅಕ್ಕಾರ. ಸುಳ್ಳ ಯಾಕ ಹೇಳ್ಬೇಕು.”

“ಮತ್ತ ಏನ ಮಾಡೀದಿ?” ಎಂದರು ಅತ್ತೆ.

“ಅಪ್ಪನ ಕೂಡ ನೊಗ ಮಾಡೀನಿ, ಬಿತ್ತೋ ಕೂರಗಿ ಮಾಡೀನಿ, ತೊಟ್ಟಲ ಮಾಡೀನಿ. ಇಲ್ಲಿಗಿ ಬಂದು ಹದಿನೈದು ವರ್ಷ ಆಯ್ತು ಯವ್ವಾ, ಬರೀ ಪ್ಲೈವುಡ್ಡು, ಮ್ಯಾಲ ಹಾಳಿ ಅಂಟಸೋದು. ಖರೇ ಕಟಗಿ ಕೈಗಿ ಹತ್ತೇ ಇಲ್ಲ.”

“ನೊಗ ಎತ್ತಿನ ಹೆಗಲಿಗಿ ಕೂಡಬೇಕಲ್ಲ?”

“ಕೂಡಲೇಬೇಕು. ಇಲ್ಲಾಂದ್ರ ಹುಣ್ಣಾಗ್ತದ.”

“ಹಂಗಾರ ಮಾಡು. ಇದೂ ಹೆಗಲಿನ ಮಾತ” ಎಂದರು ಅತ್ತೆ. ಅವನನ್ನು ಆರಿಸಿದ್ದು ಹಾಗೆ.

ಮರಕ್ಕಾಗಿ ಮೂವರೂ ಕಲ್ಯಾಣಕ್ಕೆ ಹೋದೆವು. ಹಳೆಯ ವಾಡೆಗಳನ್ನು ಕೆಡವಿದಾಗ ಬರುವ ಕಂಬ, ಬಾಗಿಲು, ತೊಲೆಗಳನ್ನು ಮಾರುವ ವಖಾರಿ ಅಲ್ಲಿದೆ. ಬಡಿಗ ಮಿಠಾಯಿ ಅಂಗಡಿಗೆ ಹೊಕ್ಕವನಂತೆ ಒಂದನ್ನು ಕುಟ್ಟಿ, ಇನ್ನೊಂದನ್ನು ಉಗುರಿನಿಂದ ಕೆರೆದು ಸುತ್ತಾಡಿದ. ಕಡೆಗೆ ಕಪ್ಪಗಿನ ಅಗಲ ಹಲಗೆಯೊಂದನ್ನು ಎಳೆದು ತಂದು, “ಶೀಸಂ ಕಟಗಿ. ನೂರು ವರ್ಷದ್ದು ಅದ. ಇನ್ನ ಇದು ಸೀಳಂಗಿಲ್ಲ, ಬಾಗಂಗಿಲ್ಲ” ಎಂದ. ಮುಖ ಅರಳಿತ್ತು.

ಅತ್ತೆ ಬಗ್ಗಿ ಹಲಗೆಯ ಮೇಲಿನ ಧೂಳು ಒರೆಸಿದರು. ಅಂಚಿನಲ್ಲಿ ಕುಂಕುಮದ ಕಲೆ, ನಡುವೆ ಕಾಲು ತುಳಿದು ತುಳಿದು ಸವೆದ ತಗ್ಗು.

“ಇದು ಹೊಸ್ತಲ” ಎಂದರು.

“ಹೌದ್ರಿ, ಹೊಸ್ತಲದ್ದೇ. ಅದಕ್ಕೇ ಗಟ್ಟಿ ಅದ.”

“ಯಾರೋ ದಿನಾ ಪೂಜಿ ಮಾಡಿದ ಹೊಸ್ತಲ ಕಡದು ಬಂದೂಕ ಮಾಡೂದೇನು? ತಲಿ ಕೆಟ್ಟೈತೇನ ನಿನಗ?”

ಬಡಿಗ ವಾದಿಸಿದ. ಮರ ಮರವೇ ಎಂದ. ಇಂಥದ್ದು ಇಡೀ ವಖಾರಿಯಲ್ಲಿ ಇನ್ನೊಂದಿಲ್ಲ ಎಂದ. ಅತ್ತೆ ಹಲಗೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಮುಂದೆ ಹೊರಟೇಬಿಟ್ಟರು. ಅವನು ಮುಖ ಸಣ್ಣ ಮಾಡಿಕೊಂಡು ನನ್ನ ಕಡೆ ನೋಡಿದ. ನಾನು ಅತ್ತೆಯ ಸೊಸೆ, ಏನು ಹೇಳಲಿ? ಇನ್ನೂ ಒಂದು ಗಂಟೆ ಹುಡುಕಿದೆವು. ತೂಗುಮಣೆಯೊಂದು ಸಿಕ್ಕಿತು, ಮೂಲೆಯಲ್ಲಿ ಸರಪಳಿಯ ತೂತುಗಳಿದ್ದ ಶೀಸಂ ಹಲಗೆ, ಎರಡಲ್ಲ, ಮೂರು ಬೆರಳು ದಪ್ಪ. ಜನ ಎಲೆಯಡಿಕೆ ಹಾಕಿಕೊಂಡು ಕೂತು ತೂಗಿಕೊಂಡ ಮಣೆಯಾದರೆ ಅತ್ತೆಗೆ ಅಡ್ಡಿಯಿರಲಿಲ್ಲ. ಬಡಿಗ ಅದರ ಎಳೆಯ ಗುಂಟ ಉಗುರು ಎಳೆದು ನೋಡಿದ. ಆಮೇಲೆ, “ಇದೂ ನಡೀತದ” ಎಂದ. ದಾರಿಯಲ್ಲಿ ಬರುತ್ತ, “ಅದಕ್ಕಿಂತ ಇದೇ ಛಲೋ ಅದ, ಹಗುರ ಅದ” ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡ.

ಕೆಲಸ ನಡೆದದ್ದು ಘೋಡಬಂದರ್ ರಸ್ತೆಯ ಒಂದು ಎತ್ತರದ ಕಟ್ಟಡದಲ್ಲಿ, ಇನ್ನೂ ಯಾರೂ ವಾಸಕ್ಕೆ ಬಾರದ ಮನೆಯ ಹಾಲಿನಲ್ಲಿ, ಅವನ ಊಟದ ಬಿಡುವಿನಲ್ಲಿ. ಒಮ್ಮೆ ಊಟದ ಡಬ್ಬಿ ತೆಗೆದುಕೊಂಡು ನೋಡಲು ಹೋಗಿದ್ದೆ. ಕಿಟಕಿಯ ಹೊರಗೆ ಕಡಲ ಖಾಡಿಯ ನೀರು ಮಿಂಚುತ್ತಿತ್ತು, ಒಳಗೆ ಅವನು ನೆಲದಲ್ಲಿ ಕೂತು, ಕಾಲುಬೆರಳುಗಳಿಂದ ಮರವನ್ನು ಅದುಮಿ ಹಿಡಿದು, ಒಡೆದ ಗಾಜಿನ ಚೂರಿನಿಂದ ಕೆರೆಯುತ್ತಿದ್ದ. ಪಕ್ಕದಲ್ಲಿ ಕರೆಂಟಿನ ಗರಗಸ, ಯಂತ್ರಗಳೆಲ್ಲ ಬಿದ್ದಿದ್ದವು. ಯಾಕೆ ಇವು ಬೇಡವೇ ಎಂದೆ.

“ಮಶೀನಿಗಿ ನಿಮ್ಮ ಅತ್ತಿ ಗಲ್ಲ ಗೊತ್ತಿಲ್ಲರಿ ಅಕ್ಕಾರ” ಎಂದ. ಮರದ ಹುಡಿ ಅವನ ರೆಪ್ಪೆಯ ಮೇಲೆಲ್ಲ ಕೂತಿತ್ತು. ಬಣ್ಣ ಬಳಿಯುವವರು, ಟೈಲ್ಸ್ ಹಾಕುವವರು ಡಬ್ಬಿ ಹಿಡಿದು ಸುತ್ತ ಕೂತು ನೋಡುತ್ತಿದ್ದರು.

ಅಲ್ಲಿಂದ ಥಾಣೆಯ ಅಂಗಡಿ ದೂರವಲ್ಲ. ಕಬ್ಬಿಣವನ್ನು ಮರದೊಳಗೆ ಕೂರಿಸುವುದಕ್ಕೆ ಅವನು ನಾಲ್ಕು ಸಲ ಹೋಗಬೇಕಾಯಿತು. ಮೊದಲ ದಿನ ಅಂಗಡಿಯ ಮುದುಕರು ಅವನನ್ನು ಜಾಲರಿಯ ಹೊರಗೇ ನಿಲ್ಲಿಸಿದ್ದರಂತೆ. ಕಬ್ಬಿಣಕ್ಕೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ, ಮರದ ಕಾಲುವೆಯಲ್ಲಿ ಒತ್ತಿ ತೆಗೆಯುತ್ತಾರೆ. ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮರ ತಾಗುತ್ತಿದೆ ಎಂದರ್ಥ, ಅಷ್ಟನ್ನು ಮಾತ್ರ ಕೆರೆಯಬೇಕು. ಮತ್ತೆ ಸವರು, ಮತ್ತೆ ಒತ್ತು. ಎರಡನೆಯ ದಿನ ಸ್ಟೂಲು ಕೊಟ್ಟರು. ಮೂರನೆಯ ದಿನ ಚಹ ತರಿಸಿದರು. ನಾಲ್ಕನೆಯ ದಿನ ನಾವೂ ಹೋಗಿದ್ದೆವು. ಮುದುಕರು ತಾವೇ ಸ್ಕ್ರೂ ಬಿಗಿದು, ನಳಿಗೆಗೂ ಮರಕ್ಕೂ ನಡುವೆ ಒಂದು ತೆಳು ಕಾಗದ ತೂರಿಸಲು ನೋಡಿದರು. ಹೋಗಬೇಕಾದ ಕಡೆ ಹೋಯಿತು, ಹೋಗಬಾರದ ಕಡೆ ಹೋಗಲಿಲ್ಲ. ಕನ್ನಡಕ ಕಣ್ಣಿನಿಂದ ಇಳಿಸಿ ಎದೆಯ ಮೇಲೆ ಬಿಟ್ಟರು.

“ಅಳತೆ ಯಾರದು?” ಎಂದರು.

“ನನ್ನದು” ಎಂದೆ, ಸ್ವಲ್ಪ ಜಂಬದಲ್ಲೇ.

“ಜಾಕೆಟ್ ಹಾಕಿ ತೆಗೆದುಕೊಂಡಿರಾ?”

ಯಾವ ಜಾಕೆಟ್ ಎಂದೆ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಗುಂಡು ಹೊಡೆಯುವಾಗ ಭುಜಕ್ಕೆ ಮೆತ್ತೆಯಿರುವ ದಪ್ಪ ಜಾಕೆಟ್ ಹಾಕುತ್ತಾರಂತೆ. ನಾನು ಅಳೆದದ್ದು ಬರೀ ರವಿಕೆಯ ಮೇಲೆ. ಒಳಗೆ ಏನು ಹಾಕುತ್ತೀರಿ, ಮೇಲೆ ಏನು ಹಾಕುತ್ತೀರಿ ಎಂದು ಗಿರಾಕಿಗಳನ್ನು ಕೇಳದೆ ಕತ್ತರಿ ಹಿಡಿಯದವಳು ಮನೆಯವರ ಅಳತೆಯಲ್ಲಿ ಅದನ್ನೇ ಮರೆತಿದ್ದೆ. ಮುದುಕರು ಒಂದು ಹಳೆಯ ಜಾಕೆಟ್ ತಂದು ಅತ್ತೆಯ ಸೀರೆಯ ಮೇಲೆಯೇ ಹಾಕಿಸಿದರು. ರೈಫಲ್ ಏರಿಸಿದರೆ ಅರ್ಧ ಇಂಚು ಉದ್ದ. ಎಣ್ಣೆ ಕುಡಿಸಿ, ಉಜ್ಜಿ, ಜೇನಿನ ಬಣ್ಣಕ್ಕೆ ತಂದ ಕುಂದಾದ ತುದಿಯನ್ನು ಕತ್ತರಿಸಬೇಕೆಂದರೆ ಬಡಿಗನ ಕೈ ಏಳಲಿಲ್ಲ.

“ನನ್ನ ತಪ್ಪು ಮಾರಾಯಾ, ಬೈದು ಬಿಡು” ಎಂದೆ.

“ಬೈದ್ರ ಅರ್ಧ ಇಂಚು ಕಮ್ಮಿ ಆಗ್ತದೇನ್ರಿ?” ಎಂದು ಅವನು ಪೆನ್ಸಿಲ್ಲಿಗೆ ಕೈ ಚಾಚಿದ.

ಆ ಸಂಜೆ ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಗಂಡ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ಎರಡು ದಿನದ ನಂತರ ಕೆಲಸದಿಂದ ಬಂದವರು ಚಪ್ಪಲಿ ಕೂಡ ಬಿಡದೆ ನನ್ನನ್ನು ಕರೆದು, ಕುಂದಾದ ತುದಿಯ ಆಕಾರ ಕಾಗದದ ಮೇಲೆ ಬರೆದುಕೊಡು ಎಂದರು. ಯಾಕೆ ಎಂದರೆ ಪೆನ್ಸಿಲ್ ಮುಂದೆ ಹಿಡಿದರು. ಇನ್ನೂ ಮೂರು ದಿನಕ್ಕೆ ಕಪ್ಪು ರಬ್ಬರಿನ ಒಂದು ಮೆತ್ತೆಯನ್ನು ಊಟದ ಮೇಜಿನ ಮೇಲಿಟ್ಟರು. ಕಾರ್ಖಾನೆಯಲ್ಲಿ ಬಿಸಾಡುವ ದಪ್ಪ ಹಾಳೆಯನ್ನು ಯಂತ್ರಕ್ಕೆ ಹಿಡಿದು, ಅಂಚು ದುಂಡಗೆ ಮಾಡಿ, ಎರಡು ಸ್ಕ್ರೂಗೆ ತೂತು ಕೊರೆದಿದ್ದರು.

“ಭುಜಕ್ಕ ಬಡೀಬಾರದಲ್ಲ” ಎಂದರು, ಅತ್ತೆಯ ಕಡೆ ನೋಡದೆ.

ಅತ್ತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಇನ್ನೊಂದು ರೊಟ್ಟಿ ಹಾಕವಾ ಅವಗ” ಎಂದರು ನನಗೆ. ಮಗನ ಪಾಲಿಗೆ ಅದು ದೊಡ್ಡ ಮೆಚ್ಚುಗೆ. ಮೆತ್ತೆಯ ದಪ್ಪದಷ್ಟು ಮರ ಇನ್ನೂ ಕತ್ತರಿಸಬೇಕಾಗಿ ಬಂದದ್ದನ್ನು ಬಡಿಗನಿಗೆ ಹೇಳುವ ಕೆಲಸ ಮಾತ್ರ ನನ್ನ ತಲೆಗೇ ಬಂತು.

ನವಿ ಮುಂಬಯಿಯ ಹೊರಗೆ, ಗುಡ್ಡದ ಬುಡದಲ್ಲಿ ಒಂದು ರೈಫಲ್ ಕ್ಲಬ್ಬಿದೆ. ಅರ್ಜಿ, ಫೋಟೊ, ಡಾಕ್ಟರ ಚೀಟಿ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೋದೆವು. ಅತ್ತೆ, ನಾನು, ಗಂಡ, ಹೊಸ ಅಂಗಿ ಹಾಕಿಕೊಂಡ ಬಡಿಗ. ಕಲಿಸುವ ಹುಡುಗಿಗೆ ಮೂವತ್ತು ಇರಬಹುದು, ಗಂಟಲು ಕಂಡಕ್ಟರನದು. ಮೊಣಕಾಲು ನೋವಿನವರಿಗೆಂದು ಮೇಜು ಕುರ್ಚಿ ಹಾಕಿಸಿ, ಮುಂದೆ ಮರಳಿನ ಚೀಲ ಇಡಿಸಿದಳು. ಉಸಿರು ಅರ್ಧ ಬಿಡಬೇಕು, ಬೆರಳು ಎಳೆಯಬಾರದು, ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಅದುಮಬೇಕು ಎಂದು ಮರಾಠಿಯಲ್ಲಿ ಹೇಳಿದಳು. ಅತ್ತೆ ಲವಂಗ ಉಗುಳಿ ಬಂದರು. ಹಾಗೆ ಅವರು ದೇವರ ಮುಂದೆ ಮಾತ್ರ ಮಾಡುತ್ತಾರೆ.

ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್, ಕಿವಿಗೆ ದೊಡ್ಡ ಮುಚ್ಚಳ. ಕೆನ್ನೆ ಮರಕ್ಕೆ ಆನಿಸಿದರು. ಕತ್ತು ಎಲ್ಲಿಗೂ ಚಾಚಲಿಲ್ಲ, ಮೊಣಕೈ ಸರಿಯಾಗಿ ಮಡಚಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ನಾನೆಂದುಕೊಂಡದ್ದಕ್ಕಿಂತ ಸಣ್ಣದು.

ಹುಡುಗಿ ದುರ್ಬೀನಿನಲ್ಲಿ ನೋಡಿದಳು. ಅತ್ತೆಯ ಕಾಗದ ಬೆಳ್ಳಗೆ ಹಾಗೇ ಇತ್ತು. ದುರ್ಬೀನನ್ನು ಪಕ್ಕಕ್ಕೆ ತಿರುಗಿಸಿದಳು, ಅವಳ ಭುಜ ಕುಲುಕತೊಡಗಿತು. ಪಕ್ಕದ ಮೇಜಿನ ಗಡ್ಡದ ಯುವಕ ಆಗಷ್ಟೇ ಹತ್ತು ಗುಂಡು ಮುಗಿಸಿ ತನ್ನ ತೂತುಗಳನ್ನು ಎಣಿಸುತ್ತಿದ್ದ. ಹನ್ನೊಂದು ಬರುತ್ತಿತ್ತು. ಮತ್ತೆ ಎಣಿಸಿದ. ಹನ್ನೊಂದನೆಯದು ಅವನ ಹತ್ತಕ್ಕಿಂತಲೂ ನಡುವಿಗೆ ಹತ್ತಿರವಿತ್ತು.

“ಆಜಿ, ನಿಮ್ಮದು ಆ ಕಡೆ ಹೋಗಿದೆ!”

“ಎಲ್ಲೋ ಹೋಗ್ಯಾದಲ್ಲ” ಎಂದರು ಅತ್ತೆ, ಕಾಣದಂತೆ ಹೋಗಿಲ್ಲ ಎಂಬ ಸಮಾಧಾನದಲ್ಲಿ. ಎಡಗೈಯಿಂದ ದವಡೆ ಮುಟ್ಟಿಕೊಂಡು ನನ್ನ ಕಡೆ ತಿರುಗಿದರು. “ಬಡೀಲೇ ಇಲ್ಲ ನೋಡು. ಏನೂ ಬಡೀಲಿಲ್ಲ.”

ಮುಂದಿನ ಹತ್ತರಲ್ಲಿ ಆರು ಅವರದೇ ಕಾಗದಕ್ಕೆ ಬಿದ್ದವು. ಒಂದು ಕಪ್ಪು ವೃತ್ತದ ಅಂಚು ಕಚ್ಚಿತ್ತು. ಬಡಿಗ ಕಾಗದದ ಕಡೆ ನೋಡಲೇ ಇಲ್ಲ. ಪ್ರತಿ ಗುಂಡಿನ ನಂತರ ಬಗ್ಗಿ, ಟ್ರಿಗರಿನ ಹಿಂದಿನ ಸಣ್ಣ ನಡುವನ್ನೇ ನೋಡುತ್ತಿದ್ದ, ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಂತೇ ಎಂದು. ಬರಲಿಲ್ಲ. ನಾನೂ ಒಂದು ಹೊಡೆಯಬೇಕೆಂದು ಅತ್ತೆ ಒತ್ತಾಯ ಮಾಡಿದರು. ಹುಡುಗಿ ಒಪ್ಪಿ ಕೂರಿಸಿದಳು. ನಾನು ಅತ್ತೆಗಿಂತ ಗೇಣು ಎತ್ತರ, ನನ್ನ ಹೆಬ್ಬೆರಳು ಮೂಗಿಗೇ ಬಂದು ತಾಗಿತು. “ನಿಂದಲ್ಲ ಬಿಡು ಅದು” ಎಂದು ಅತ್ತೆ ರೈಫಲ್ ವಾಪಸು ತೆಗೆದುಕೊಂಡರು.

ಈಗ ತಿಂಗಳಿಗೊಮ್ಮೆ ಭಾನುವಾರ ಹೋಗುತ್ತಾರೆ. ಚೀಲ ಅವರೇ ಹಿಡಿಯುತ್ತಾರೆ, ಜಾಕೆಟ್ ಗಂಡ ಹೊರುತ್ತಾರೆ. ರೇಂಜಿನ ಬಾಗಿಲವರೆಗೆ ಹೋಗಿ ಜಾಕೆಟ್ ಒಪ್ಪಿಸಿ, ಹೊರಗೆ ಚಹದ ಗಾಡಿಯ ಹತ್ತಿರ ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಿಂತಿರುತ್ತಾರೆ. ಚಹದವನು ಗ್ಲಾಸು ಮುಂದೆ ಚಾಚಿದರೆ, ಇನ್ನೂ ಎರಡು ಗುಂಡು ಬಾಕಿ ಇವೆ, ತಡಿ ಎಂದು ತಲೆಯಾಡಿಸುತ್ತಾರೆ.